ಬೇರೆಯವರ ಶಾಲು ನಿಮ್ಮ ಹೆಗಲಿಗೆ ಬಿದ್ದರೆ ಏನು ಮಾಡಬೇಕು?

ನಮ್ಮ ಉತ್ತರ ಕನ್ನಡದಲ್ಲಿ ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವ ತನಕ ಸಭೆ, ಸಮಾರಂಭ, ಆಟ (ನಮ್ಮಲ್ಲಿ ಯಕ್ಷಗಾನಕ್ಕೆ ಹೀಗೇ ಅನ್ನುವುದು), ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಲೆ ಒಂದರ ಹಿಂದೆ ಒಂದು. ಸನ್ಮಾನ ಇಲ್ಲದ ಕಾರ್ಯಕ್ರಮ ಹುಡುಕಿದರೂ ಸಿಗುವುದು ಕಷ್ಟ. ಇಷ್ಟೆಲ್ಲದರ ನಡುವೆ ಒಮ್ಮೊಮ್ಮೆ ಶಾಲು ತಪ್ಪು ಹೆಗಲಿಗೆ ಬೀಳುತ್ತದೆ. ಇಬ್ಬರ ಹೆಸರು ಒಂದೇ ಇರುತ್ತದೆ. ಕರೆಯಲು ಬಂದ ಹುಡುಗನಿಗೆ ಮುಖ ಪರಿಚಯ ಇರುವುದಿಲ್ಲ. ರಾತ್ರಿ ಬೇರೆ, ಗಡಿಬಿಡಿ ಬೇರೆ. ನನ್ನ ಹೆಗಲಿಗೂ ಒಮ್ಮೆ ಬಿದ್ದಿತ್ತು. ಆವತ್ತು ನಾನು ಮಾಡಿದ್ದರಲ್ಲಿ ಸ್ವಲ್ಪ ಸರಿ ಇತ್ತು, ಸ್ವಲ್ಪ ತಪ್ಪಿತ್ತು. ಆಮೇಲೆ ಹಲವು ಕಾರ್ಯಕ್ರಮಗಳಲ್ಲಿ ಸಂಘಟಕರ ಜೊತೆ ಓಡಾಡಿ ಇನ್ನಷ್ಟು ಕಲಿತೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಅಂಥ ಹೊತ್ತಿನಲ್ಲಿ ನಮಗೆ ನಮ್ಮ ಮುಜುಗರವೇ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಸನ್ಮಾನ ಯಾರಿಗೆ ಸಲ್ಲಬೇಕಿತ್ತೋ ಅವರು ಬಹಳ ಸಲ ಅಲ್ಲೇ ಕೆಳಗೆ ಕುರ್ಚಿಯಲ್ಲಿ ಕೂತಿರುತ್ತಾರೆ. ವಯಸ್ಸಾದವರು, ಮಾತು ಕಡಿಮೆಯವರು ಆಗಿದ್ದರೆ ಎದ್ದು ‘ಅದು ನಾನು’ ಎನ್ನುವುದಿಲ್ಲ. ಅವರ ಪರವಾಗಿ ಬಾಯಿ ಬಿಡಬಲ್ಲ ಒಬ್ಬರೇ ಒಬ್ಬರು ವೇದಿಕೆ ಮೇಲಿರುವ ನೀವು.

ಹೆಸರು ಕೂಗಿದ ಕೂಡಲೇ ಎದ್ದು ಹೊರಡಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಯಾವ ಸಭೆಯಲ್ಲಾದರೂ ‘ಗಣಪತಿ ಹೆಗಡೆಯವರು ವೇದಿಕೆಗೆ ಬರಬೇಕು’ ಎಂದು ಕೂಗಿದರೆ ಮೂರು ತಲೆಯಾದರೂ ಮೇಲೇಳುತ್ತವೆ. ಕುಮಟಾ, ಅಂಕೋಲಾ, ಕಾರವಾರದ ಕಡೆ ನಾಯ್ಕ, ನಾಯಕ, ಗೌಡ ಅಂದರೂ ಅಷ್ಟೇ. ಹಿಂದಿನವರು ಇದಕ್ಕೆ ದಾರಿ ಕಂಡುಕೊಂಡಿದ್ದರು. ಹೆಸರಿನ ಹಿಂದೆ ಊರನ್ನೋ ಮನೆಯನ್ನೋ ಸೇರಿಸಿ ಕರೆಯುತ್ತಿದ್ದರು. ಕೆರೆಮನೆ ಅಂದರೆ, ಚಿಟ್ಟಾಣಿ ಅಂದರೆ ಯಾವ ಯಕ್ಷಗಾನ ಕಲಾವಿದರ ಮಾತು ಎಂದು ಆಟ ನೋಡುವ ಮಕ್ಕಳಿಗೂ ಗೊತ್ತಾಗುತ್ತದೆ ಅಲ್ವಾ? ಈಗ ಆಹ್ವಾನ ಪತ್ರಿಕೆಯಲ್ಲಿ ಊರು ಬಿಟ್ಟು ಎರಡು ಇನಿಷಿಯಲ್ ಹಾಕಿ ಮುಗಿಸುತ್ತಾರೆ. ಗೊಂದಲ ಅಲ್ಲಿಂದಲೇ ಶುರು.

ಹಾಗಾಗಿ ಕರೆಯಲು ಬಂದವರ ಹತ್ತಿರ ಎರಡು ಪ್ರಶ್ನೆ ಕೇಳಿ. ‘ಯಾವ ಊರಿನವರನ್ನು ಕರೆದದ್ದು?’ ‘ಯಾತಕ್ಕೆ ಕರೆದದ್ದು?’ ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಹುಡುಗನಿಗೆ ಉತ್ತರ ಗೊತ್ತಿಲ್ಲದಿದ್ದರೆ ಓಡಿಹೋಗಿ ಕೇಳಿಕೊಂಡು ಬರಲಿ.

ಇನ್ನೊಂದು ಗುರುತು ಹೇಳುತ್ತೇನೆ. ಸನ್ಮಾನ ನಿಮಗೇ ಆಗಿದ್ದರೆ ವಾರದ ಮೊದಲೇ ಯಾರಾದರೂ ಫೋನ್ ಮಾಡಿರುತ್ತಾರೆ. ಫೋಟೊ ಕೇಳಿರುತ್ತಾರೆ, ಹುಟ್ಟಿದ ಊರು, ತಂದೆ ತಾಯಿಯ ಹೆಸರು ಬರೆದುಕೊಂಡಿರುತ್ತಾರೆ. ಹಾಗೆ ಯಾರೂ ಕೇಳಿಲ್ಲ ಅಂದಮೇಲೆ ಆ ಕುರ್ಚಿ ನಿಮ್ಮದಲ್ಲ ಎಂದೇ ಮೊದಲು ಅಂದುಕೊಳ್ಳಿ. ದೇಣಿಗೆ ಕೊಟ್ಟವರನ್ನು ಮಾತ್ರ ಕೆಲವು ಕಡೆ ಹೇಳದೇ ಕೇಳದೇ ಕರೆದು ಶಾಲು ಹೊದಿಸುವುದುಂಟು. ನನಗೆ ಮೋಸವಾದದ್ದು ಅಲ್ಲೇ.

2006ರ ಮೇ 8ರಂದು ಲಂಡನ್ನಿನ ಬಿಬಿಸಿಯಲ್ಲಿ ನಡೆದದ್ದನ್ನು ಕೇಳಿರಬಹುದು. ಗೈ ಗೋಮಾ ಎಂಬವರು ಅಲ್ಲಿ ಕೆಲಸದ ಸಂದರ್ಶನಕ್ಕೆ ಬಂದು ಕೂತಿದ್ದರು. ಗೈ ಕ್ಯೂನಿ ಎಂಬ ಪತ್ರಕರ್ತರು ಟಿ.ವಿ. ಮಾತುಕತೆಗೆ ಬಂದು ಇನ್ನೊಂದು ಕಡೆ ಕಾಯುತ್ತಿದ್ದರು. ಕರೆಯಲು ಬಂದವರು ಗೋಮಾ ಅವರನ್ನೇ ಕರೆದುಕೊಂಡು ಹೋದರು. ಕ್ಯಾಮೆರಾ ಮುಂದೆ ಬೇರೆಯವರ ಹೆಸರಿನಿಂದ ಪರಿಚಯ ಮಾಡಿಕೊಟ್ಟಾಗಲೇ ಅವರಿಗೆ ಗೊತ್ತಾದದ್ದು. ಅಷ್ಟು ಹೊತ್ತಿಗೆ ನೇರ ಪ್ರಸಾರ ಶುರುವಾಗಿತ್ತು. ಇದನ್ನು ಹೇಳುವವರೆಲ್ಲ ಗೋಮಾ ಅವರ ಮುಖದ ಬಗ್ಗೆಯೇ ಹೇಳುತ್ತಾರೆ. ನನಗೆ ನೆನಪಾಗುವುದು ಕ್ಯೂನಿ. ತಮ್ಮ ಜಾಗದಲ್ಲಿ ಬೇರೊಬ್ಬರು ಕೂತಿರುವುದನ್ನು ಅವರು ಹೊರಗೆ ಕಾಯುತ್ತಲೇ ಅಲ್ಲಿದ್ದ ಟಿ.ವಿ.ಯಲ್ಲಿ ನೋಡಿದರು.

ನನಗೆ ಆದದ್ದು

ಹೊನ್ನಾವರದ ಕಡೆಯ ಒಂದು ಊರು. ದೇವಸ್ಥಾನದ ಬಯಲಲ್ಲಿ ಆಟ. ಮೊದಲ ಪ್ರಸಂಗ ಮುಗಿದು ಎರಡನೆಯದು ಶುರುವಾಗುವ ನಡುವೆ ಸಭೆ ಇಟ್ಟುಕೊಂಡಿದ್ದರು. ಮೈಕ್‌ನಲ್ಲಿ ನನ್ನ ಹೆಸರು ಕೇಳಿತು. ಒಬ್ಬ ಹುಡುಗ ಓಡಿ ಬಂದು, ‘ಮಾಸ್ತರ್ರೇ, ಬನ್ನಿ ಬನ್ನಿ, ನಿಮ್ಮನ್ನೇ ಕರೀತಾ ಇದ್ದಾರೆ’ ಎಂದು ಕೈ ಹಿಡಿದ. ದೇವಸ್ಥಾನದ ಕೆಲಸಕ್ಕೆ ಒಂದಿಷ್ಟು ದೇಣಿಗೆ ಕೊಟ್ಟಿದ್ದೆ. ಅದಕ್ಕೇ ಇರಬೇಕು ಎಂದುಕೊಂಡು ಹತ್ತಿದೆ.

ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ತೊಡೆಯ ಮೇಲೆ ಇಟ್ಟರು. ಹೊಸ ಶಾಲಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಕುತ್ತಿಗೆಗೆ ಒರಟಾಗಿ ತಾಗುತ್ತಿತ್ತು. ನಿರೂಪಕರು ಮಾನಪತ್ರ ಓದತೊಡಗಿದರು. ‘ಬಾಲ್ಯದಲ್ಲೇ ಮದ್ದಲೆಯ ನಾದಕ್ಕೆ ಮನಸೋತು…’ ನಾನು ಜೀವಮಾನದಲ್ಲಿ ಮದ್ದಲೆ ಮುಟ್ಟಿದವನಲ್ಲ.

ಆಗಲೇ ಕೈ ಎತ್ತಬೇಕಿತ್ತು. ಎತ್ತಲಿಲ್ಲ. ಓದು ಮುಗಿಯಲಿ, ನಡುವೆ ತಡೆದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನೆ ಕೂತೆ. ಮೂರ್ನಾಲ್ಕು ನಿಮಿಷ ಆಗಿರಬಹುದು. ನಾಲ್ಕನೇ ಸಾಲಿನಲ್ಲಿ ಬಿಳಿ ಅಂಗಿಯ ಒಬ್ಬ ಹಿರಿಯರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ಮೊಮ್ಮಗಳು ಅವರ ತೋಳು ಜಗ್ಗುತ್ತಿದ್ದಳು. ಅವರು ಅವಳ ಕೈ ಮೇಲೆ ಕೈ ಇಟ್ಟು ಸುಮ್ಮನಿರಿಸಿದರು. ತಮ್ಮ ಜೀವನದ ಕಥೆಯನ್ನು ಮೈಕ್‌ನಲ್ಲಿ ಕೇಳುತ್ತಾ, ಹಾರ ಇನ್ನೊಬ್ಬರ ಕೊರಳಲ್ಲಿ ಇರುವುದನ್ನು ನೋಡುತ್ತಾ ಅವರು ಅಷ್ಟೂ ಹೊತ್ತು ಕೂತಿದ್ದರು. ನಾನು ಕಾದ ಆ ಮೂರ್ನಾಲ್ಕು ನಿಮಿಷಕ್ಕೆ ನನಗೆ ಇವತ್ತಿಗೂ ಬೇಸರ ಇದೆ.

ವೇದಿಕೆ ಮೇಲೆ ಗೊತ್ತಾದರೆ

ಓದು ನಡುವೆ ಇದ್ದರೂ ಪರವಾಗಿಲ್ಲ, ತಡೆಯಿರಿ. ಕೂಗುವುದು ಬೇಡ. ಪಕ್ಕದಲ್ಲಿ ನಿಂತ ನಿರೂಪಕರ ಕೈ ಮುಟ್ಟಿ ‘ಇದು ನಾನಲ್ಲ, ನಿಲ್ಲಿಸಿ’ ಅನ್ನಿ. ಮೂರು ಪದ ಸಾಕು. ಪೂರ್ತಿ ವಿವರಣೆ ಆಮೇಲೆ.

ಯಾರಿಗೆ ಹೇಳುವುದು ಎನ್ನುವುದು ಮುಖ್ಯ. ಮುಖ್ಯ ಅತಿಥಿಗಳಿಗೆ ಹೇಳಿ ಪ್ರಯೋಜನ ಇಲ್ಲ, ಅವರಿಗೆ ಯಾರೂ ಪರಿಚಯ ಇರುವುದಿಲ್ಲ. ಅಧ್ಯಕ್ಷರು ಮಧ್ಯದಲ್ಲಿ ಕೂತಿರುತ್ತಾರೆ, ಅವರ ತನಕ ಮಾತು ಮುಟ್ಟುವುದು ಕಷ್ಟ. ಹತ್ತಿರ ಸಿಗುವವರು ನಿರೂಪಕರು. ಮೈಕ್ ಇರುವುದೂ ಅವರ ಕೈಯಲ್ಲೇ. ಕಾರವಾರದ ಕಡಲತೀರದ ಮಯೂರವರ್ಮ ವೇದಿಕೆಯಂಥ ದೊಡ್ಡ ಜಾಗದಲ್ಲಂತೂ ನೇರ ನಿರೂಪಕರ ಹತ್ತಿರವೇ ಹೋಗಿ. ಗದ್ದಲದಲ್ಲಿ ಮಾತು ಕೇಳದಿದ್ದರೆ ಚೀಟಿ ಬರೆದು ಕೊಡಿ. ನಿರೂಪಕರು ಇಡೀ ಸಂಜೆ ಚೀಟಿ ಓದಿಕೊಂಡೇ ಇರುತ್ತಾರೆ, ಇನ್ನೊಂದು ಚೀಟಿ ಬಂದರೆ ತಪ್ಪದೇ ನೋಡುತ್ತಾರೆ.

ಆವತ್ತು ನಾನು ಹೇಳಿದಾಗ ಸಮಿತಿಯ ಒಬ್ಬರು ಕಿವಿಯಲ್ಲಿ, ‘ಸುಮ್ನಿರಿ ಮಾಸ್ತರ್ರೇ, ಆಮೇಲೆ ಸರಿ ಮಾಡ್ತೇವೆ’ ಎಂದರು. ಅವರದು ಕೆಟ್ಟ ಮನಸ್ಸೇನೂ ಅಲ್ಲ, ಅತಿಥಿಗಳ ಎದುರು ಊರಿನ ಮರ್ಯಾದೆ ಹೋಗುತ್ತದೆ ಎಂಬ ಚಿಂತೆ. ನಿಮಗೂ ಯಾರಾದರೂ ಹೀಗೆ ಹೇಳಿದರೆ ಒಪ್ಪಬೇಡಿ. ಆಮೇಲೆ ಅಂದರೆ ವಂದನಾರ್ಪಣೆ, ಅದಾದ ಮೇಲೆ ಆಟ, ಬೆಳಗಾದರೆ ಶಾಮಿಯಾನ ಬಿಚ್ಚುವ ಕೆಲಸ. ಹಿರಿಯರೊಬ್ಬರಿಗೆ ಚೌಕಿಯ (ಕಲಾವಿದರು ವೇಷ ಕಟ್ಟುವ ಜಾಗದ) ಹಿಂದೆ ನಿಲ್ಲಿಸಿ ಶಾಲು ಕೊಟ್ಟು ಕಳಿಸಿದರೆ ಅದು ಸನ್ಮಾನ ಆಗುತ್ತದೆಯೇ?

ಮೈಕ್ ಸಿಕ್ಕರೆ ಏನು ಹೇಳುವುದು

ಹೇಳುವುದನ್ನು ಚಿಕ್ಕದಾಗಿ, ನೇರವಾಗಿ ಹೇಳಿ. ನಾನು ಈಗ ಯಾರಾದರೂ ಕೇಳಿದರೆ ಈ ಸಾಲುಗಳನ್ನೇ ಬರೆದುಕೊಡುತ್ತೇನೆ:

‘ಎಲ್ಲರಿಗೂ ನಮಸ್ಕಾರ. ನಮ್ಮಿಬ್ಬರ ಹೆಸರು ಒಂದೇ ಆದದ್ದರಿಂದ ನಾನು ಇಲ್ಲಿಗೆ ಬಂದೆ. ಈ ಗೌರವ ಸಲ್ಲಬೇಕಾದವರು ಇಲ್ಲೇ ನಮ್ಮ ನಡುವೆ ಕೂತಿದ್ದಾರೆ. ಅವರನ್ನು ವೇದಿಕೆಗೆ ಕರೆತರಲು ಅಧ್ಯಕ್ಷರು ಅಪ್ಪಣೆ ಕೊಡಬೇಕು.’

ಇದರಲ್ಲಿ ‘ಸಂಘಟಕರು ತಪ್ಪು ಮಾಡಿದರು’ ಎಂಬ ಮಾತಿಲ್ಲ, ನೋಡಿ. ಕರೆಯಲು ಬಂದ ಹುಡುಗನ ಹೆಸರಂತೂ ಬರಲೇಬಾರದು. ಅವನು ಬೆಳಗಿನಿಂದ ಕುರ್ಚಿ ಹೊತ್ತು ಸುಸ್ತಾಗಿರುತ್ತಾನೆ. ತಮಾಷೆಯ ಮಾತೂ ಬೇಡ. ಸಭೆ ನಕ್ಕಿತು ಅಂದರೆ ಅದೇ ನಗುವಿನ ನಡುವೆ ಆ ಹಿರಿಯರು ಮೆಟ್ಟಿಲು ಹತ್ತಬೇಕಾಗುತ್ತದೆ.

2017ರ ಆಸ್ಕರ್ ಸಮಾರಂಭದಲ್ಲಿ ತಪ್ಪು ಲಕೋಟೆ ಕೈಗೆ ಬಂದು ಅತ್ಯುತ್ತಮ ಚಿತ್ರದ ಹೆಸರೇ ಅದಲು ಬದಲಾಯಿತು. ಒಂದು ತಂಡದವರು ವೇದಿಕೆ ಹತ್ತಿ ಕೃತಜ್ಞತೆಯನ್ನೂ ಹೇಳುತ್ತಿದ್ದರು. ವಿಷಯ ತಿಳಿದ ಕೂಡಲೇ ಆ ತಂಡದ ನಿರ್ಮಾಪಕ ಜೋರ್ಡನ್ ಹೊರೊವಿಟ್ಜ್ ತಾವೇ ಮೈಕ್ ಮುಂದೆ ಬಂದರು. ಗೆದ್ದದ್ದು ಇನ್ನೊಂದು ಚಿತ್ರ, ಇದು ತಮಾಷೆ ಅಲ್ಲ ಎಂದು ಹೇಳಿ, ಸರಿಯಾದ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಕೈಯಲ್ಲಿದ್ದ ಪ್ರಶಸ್ತಿಯನ್ನು ಗೆದ್ದವರಿಗೆ ಕೊಟ್ಟರು. ಅಷ್ಟು ದೊಡ್ಡ ಸಭೆಯಲ್ಲಿ ಅವರು ಆಡಿದ್ದು ನಾಲ್ಕೈದು ಮಾತು.

ಅವರನ್ನು ಕರೆತರುವುದು, ಕೊಡುವುದು

ಮೈಕ್‌ನಲ್ಲಿ ಕರೆದು ಕಾಯುತ್ತಾ ನಿಲ್ಲಬೇಡಿ. ನೀವೇ ಇಳಿದು ಹೋಗಿ. ನಾನು ಆವತ್ತು ಸರಿಯಾಗಿ ಮಾಡಿದ ಕೆಲಸ ಇದೊಂದು. ಹತ್ತಿರ ಹೋಗಿ ‘ಬನ್ನಿ’ ಎಂದೆ. ಅವರು, ‘ಇರ್ಲಿ ಬಿಡಿ ಮಾಸ್ತರ್ರೇ, ಯಾರಿಗಾದ್ರೂ ಆಯ್ತಲ್ಲ’ ಎಂದರು. ಕೈ ಹಿಡಿದು ಎಬ್ಬಿಸಿದೆ. ಬಾರಿಸಿ ಬಾರಿಸಿ ಬೆರಳ ತುದಿಯ ಚರ್ಮ ಗಟ್ಟಿಯಾಗಿ, ಒಣ ಅಡಿಕೆ ಸಿಪ್ಪೆ ಮುಟ್ಟಿದ ಹಾಗಿತ್ತು. ಮಾನಪತ್ರದ ಮೂರು ನಿಮಿಷದ ಮಾತೆಲ್ಲ ಆ ಬೆರಳಲ್ಲೇ ಇತ್ತು.

ಇನ್ನು ವಸ್ತುಗಳ ವಿಷಯ. ಇದನ್ನು ಬಹಳ ಜನ ಕೇಳುತ್ತಾರೆ.

ಹಾರ: ನಿಮ್ಮ ಕೊರಳಿಗೆ ಬಿದ್ದ ಹಾರವನ್ನು ತೆಗೆದು ಅವರಿಗೆ ಹಾಕಬೇಡಿ. ಒಬ್ಬರು ಹಾಕಿಕೊಂಡ ಹೂವನ್ನು ಇನ್ನೊಬ್ಬರಿಗೆ ಹಾಕುವುದು ನಮ್ಮಲ್ಲಿ ಚೆನ್ನಾಗಿ ಕಾಣುವುದಿಲ್ಲ. ಮೇಜಿನ ಮೇಲೆ ಒಂದೆರಡು ಹಾರ ಜಾಸ್ತಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಹಾರ ಬೇಡವೇ ಬೇಡ. ತಟ್ಟೆಯಲ್ಲಿರುವ ಬಿಡಿ ಹೂವನ್ನೋ, ಒಂದು ಸಿಂಗಾರವನ್ನೋ (ಅಡಿಕೆಯ ಹೂಗೊನೆ) ಕೈಗೆ ಕೊಟ್ಟರೂ ಆಗುತ್ತದೆ.

ಶಾಲು: ಬೇರೆ ಶಾಲು ಇದ್ದರೆ ಅದನ್ನೇ ಹೊದಿಸಲಿ. ಸಂಘಟಕರ ಕಪಾಟಿನಲ್ಲಿ ಸಾಮಾನ್ಯವಾಗಿ ಒಂದೆರಡು ಉಳಿದಿರುತ್ತವೆ, ಕೇಳಿ. ಇಲ್ಲ ಅಂದರೆ ನಿಮ್ಮ ಹೆಗಲ ಮೇಲಿನದನ್ನು ಮಡಚಿ ಅಧ್ಯಕ್ಷರ ಕೈಗೆ ಕೊಡಿ. ಯಾವ ಅತಿಥಿ ನಿಮಗೆ ಹೊದಿಸಿದ್ದರೋ ಅವರೇ ಎದ್ದು ನಿಂತು ಇವರಿಗೆ ಹೊದಿಸಬೇಕು. ನೀವೇ ಹೊದಿಸಿದರೆ ನಿಮಗೆ ಬಂದದ್ದನ್ನು ನೀವು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಂತೆ ಕಾಣುತ್ತದೆ. ಅದು ಮೊದಲಿನಿಂದಲೂ ಅವರದು.

ಮಾನಪತ್ರವನ್ನು ಮೊದಲಿನಿಂದ ಮತ್ತೊಮ್ಮೆ ಓದಲು ಕೇಳಿ. ಹೊತ್ತಾಯಿತು ಎಂದು ಯಾರಾದರೂ ಗೊಣಗಬಹುದು. ಗೊಣಗಲಿ. ಅವರು ಅಲ್ಲಿ ಕುರ್ಚಿಯಲ್ಲಿ ಕೂತು ತಮ್ಮ ಹೆಸರಲ್ಲಿ ಆ ಮಾತುಗಳನ್ನು ಕೇಳಬೇಕು.

ಹಣದ ಕವರ್ ಇದ್ದರೆ ತೆರೆಯದೆ, ಇಬ್ಬರ ಎದುರು, ಕಾರ್ಯದರ್ಶಿಗೆ ವಾಪಸು ಕೊಡಿ. ಚೆಕ್ ಆಗಿದ್ದರೆ ಅದರ ಮೇಲಿನ ಹೆಸರು ನೋಡಿ. ಹೆಸರು ಒಂದೇ ಇರುವುದರಿಂದ ಬ್ಯಾಂಕಿನಲ್ಲಿ ಅದು ನಿಮ್ಮ ಖಾತೆಗೇ ಜಮೆ ಆಗಿಬಿಡಬಹುದು. ಅದಕ್ಕೇ ಇಲ್ಲಿ ಎಚ್ಚರ ಬೇಕು. ಚೆಕ್‌ನ ಅವಧಿ ಬರೆದ ತಾರೀಖಿನಿಂದ 3 ತಿಂಗಳು ಮಾತ್ರ, ಹಾಗಾಗಿ ತಡ ಮಾಡಬೇಡಿ. ಬೇರೆಯವರ ಹೆಸರಿನಲ್ಲಿ ತಾನೇ ಅವರು ಎಂದು ನಂಬಿಸಿ ಲಾಭ ಪಡೆಯುವುದನ್ನು ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮು ಅಪರಾಧ ಎನ್ನುತ್ತದೆ. ಗೊತ್ತಾಗದೆ ತೆಗೆದುಕೊಂಡವರಿಗೆ ಅದರ ಭಯ ಬೇಡ. ಗೊತ್ತಾದ ಮೇಲೂ ಸುಮ್ಮನಿದ್ದರೆ ವಿಷಯ ಬೇರೆ.

ಅವರು ಸಭೆಯಲ್ಲೇ ಇಲ್ಲದಿದ್ದರೆ

ಬಸ್ ತಪ್ಪಿರಬಹುದು, ಘಟ್ಟದಲ್ಲಿ ತಡವಾಗಿರಬಹುದು, ಮೈ ಹುಷಾರಿಲ್ಲದಿರಬಹುದು. ಆಗ ಅವರ ಪರವಾಗಿ ನೀವು ಸ್ವೀಕರಿಸಬೇಡಿ. ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದು ಮೈಕ್‌ನಲ್ಲಿ ಕೇಳಲಿ. ಯಾರೂ ಇಲ್ಲದಿದ್ದರೆ ಎಲ್ಲವನ್ನೂ ಮೇಜಿನ ಮೇಲಿಟ್ಟು, ಅವರ ಮನೆಗೇ ಹೋಗಿ ಕೊಡುತ್ತೇವೆ ಎಂದು ಅಧ್ಯಕ್ಷರು ಸಭೆಯಲ್ಲಿ ಹೇಳಿದರೆ ಸಾಕು. ಸಾಧ್ಯವಾದರೆ ಹೋಗುವವರ ಜೊತೆ ನೀವೂ ಹೋಗಿ.

ಫೋಟೊ, ಸುದ್ದಿ

ಇದನ್ನು ಮರೆಯುವವರೇ ಜಾಸ್ತಿ. ನಿಮಗೆ ಶಾಲು ಹೊದಿಸಿದ ಫೋಟೊ ಅಷ್ಟು ಹೊತ್ತಿಗೆ ವಾಟ್ಸಾಪ್‌ನಲ್ಲಿ ಹತ್ತು ಗುಂಪಿಗೆ ಹೋಗಿರುತ್ತದೆ. ವೇದಿಕೆಯಿಂದ ಇಳಿದ ಕೂಡಲೇ ಫೋಟೊ ತೆಗೆದವರನ್ನು ಹುಡುಕಿ. ಹೊಸದಾಗಿ ತೆಗೆದದ್ದನ್ನು ಕಳಿಸಿ, ಹಳೆಯದನ್ನು ಅಳಿಸಲು ಹೇಳಿ. ಪತ್ರಿಕೆಯ ಸ್ಥಳೀಯ ವರದಿಗಾರರು ಸಾಮಾನ್ಯವಾಗಿ ಕಾರ್ಯಕ್ರಮ ಮುಗಿಯುವ ತನಕ ಕಾಯುವುದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಇರುವ ಹೆಸರು, ಒಂದು ಫೋಟೊ ತೆಗೆದುಕೊಂಡು ಹೊರಟಿರುತ್ತಾರೆ. ಅದೇ ರಾತ್ರಿ ಅವರಿಗೆ ಫೋನ್ ಮಾಡಿ ಊರು ಸಮೇತ ಪೂರ್ತಿ ಹೆಸರು ಹೇಳಿ. ಹೆಸರು ಸರಿಯಾಗಿದ್ದು ಮುಖ ಮಾತ್ರ ನಿಮ್ಮದಾದರೆ ಮಾರನೇ ದಿನ ಆ ಮನೆಯವರು ಪೇಪರ್ ಕತ್ತರಿಸಿ ಇಟ್ಟುಕೊಳ್ಳುವುದಾದರೂ ಹೇಗೆ?

ತಪ್ಪಾಗಿ ಅಚ್ಚಾಗಿಯೇ ಬಿಟ್ಟರೆ ಸಂಪಾದಕರಿಗೆ ತಿದ್ದುಪಡಿ ಕೋರಿ ಬರೆಯಿರಿ. ಸಂಘಟಕರ ಜೊತೆ ನೀವೂ ಸಹಿ ಹಾಕಿದರೆ ಒಳ್ಳೆಯದು.

ಮನೆಗೆ ಬಂದ ಮೇಲೆ ಗೊತ್ತಾದರೆ

ಮಾನಪತ್ರ ಓದದೆ ಕೈಗೆ ಕೊಟ್ಟು ಕಳಿಸುವ ಕಾರ್ಯಕ್ರಮಗಳಲ್ಲಿ ಹೀಗಾಗುತ್ತದೆ. ರಾತ್ರಿ ಬಿಚ್ಚಿ ನೋಡಿದರೆ ಬೇರೆಯವರ ವಿವರ. ಬೆಳಿಗ್ಗೆಯೇ ಕಾರ್ಯದರ್ಶಿಗೆ ಫೋನ್ ಮಾಡಿ. ನೇರವಾಗಿ ಆ ವ್ಯಕ್ತಿಯ ಮನೆಗೆ ನೀವೊಬ್ಬರೇ ಹೋಗಬೇಡಿ, ಸಂಘಟಕರು ಬರಲೇಬೇಕು. ಬೈಂಡ್ ಹಾಕಿಸಿದ ಮಾನಪತ್ರವನ್ನು ನೀವು ತಂದುಕೊಟ್ಟರೆ ಅದು ಕಳೆದುಹೋದ ಸಾಮಾನು ತಲುಪಿಸಿದ ಹಾಗೆ ಆಗುತ್ತದೆ. ಹಣ್ಣು ಖಾಲಿಯಾಗಿದ್ದರೆ ಹೊಸದಾಗಿ ಕೊಂಡು ಒಯ್ಯಿರಿ.

ಇನ್ನೊಂದು ಬಗೆಯೂ ಇದೆ. ಸನ್ಮಾನ ನಿಮ್ಮದೇ, ಆದರೆ ಪರಿಚಯದಲ್ಲಿ ಇಲ್ಲದ್ದನ್ನು ಸೇರಿಸಿರುತ್ತಾರೆ. ಹೆಸರಿನ ಹಿಂದೆ ‘ಡಾ.’ ಬಂದಿರುತ್ತದೆ, ಬಾರದ ರಾಜ್ಯೋತ್ಸವ ಪ್ರಶಸ್ತಿ ಬಂದುಬಿಟ್ಟಿರುತ್ತದೆ. ಮಾತಿಗೆ ನಿಂತಾಗ ಮೊದಲ ವಾಕ್ಯದಲ್ಲೇ ತಿದ್ದಿ. ಇಲ್ಲದಿದ್ದರೆ ಮುಂದಿನ ಕಾರ್ಯಕ್ರಮದವರು ಇದನ್ನೇ ನೋಡಿ ಬರೆದುಕೊಳ್ಳುತ್ತಾರೆ.

ಸಂಘಟಕರ ಹತ್ತಿರ ಒಂದು ಕೇಳಿಕೆ

ಸನ್ಮಾನಿತರನ್ನು ಅರ್ಧ ತಾಸು ಮೊದಲೇ ಮುಂದಿನ ಸಾಲಿನಲ್ಲಿ ಕೂರಿಸಿ. ಅವರಿಗೆ ಆಸರಿ (ಕುಡಿಯಲು ಏನಾದರೂ) ಕೊಡುವ ನೆಪದಲ್ಲಾದರೂ ನಿರೂಪಕರು ಒಮ್ಮೆ ಹೋಗಿ ಮುಖ ನೋಡಿ ಮಾತಾಡಿಸಿ ಬರಲಿ. ಕರೆತರುವ ಕೆಲಸವನ್ನು ಅವರನ್ನು ಬಲ್ಲವರಿಗೇ ಕೊಡಿ. ವೇಷ ಕಟ್ಟಿದ ಕಲಾವಿದರಿಗೆ ಆಟದ ನಡುವೆ ಸನ್ಮಾನ ಇದ್ದರೆ ಇದು ಇನ್ನೂ ಮುಖ್ಯ. ಬಣ್ಣ ಹಚ್ಚಿದ ಮೇಲೆ ಮನೆಯವರಿಗೂ ಗುರುತು ಸಿಗುವುದು ಕಷ್ಟ.

ಹೆಸರಿನ ಜೊತೆ ಊರು ಹಾಕಿ. ದೊಡ್ಡ ಮಟ್ಟದಲ್ಲೂ ಇದು ತಪ್ಪುತ್ತದೆ. 2023ರ ಪದ್ಮಶ್ರೀ ಪಟ್ಟಿಯ ಒಂದು ಹೆಸರಿಗೆ ಒಡಿಶಾದಲ್ಲಿ ಅದೇ ಹೆಸರಿನ ಇಬ್ಬರು ಹಕ್ಕು ಹೇಳಿ, ವಿಷಯ ಹೈಕೋರ್ಟ್ ತನಕ ಹೋಯಿತು.

ಹೆಸರು ಬೇರೆ ಇದ್ದರೂ ಯಾರು ಏನು ಮಾಡಿದವರು ಎಂದು ತಿಳಿದಿರಬೇಕು. ನಮ್ಮ ಅಂಕೋಲೆಯ ಹಾಲಕ್ಕಿ ಸಮುದಾಯದ ಇಬ್ಬರು ಹಿರಿಯರನ್ನೇ ನೋಡಿ. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಡಿಗೆ. ಹೊನ್ನಳ್ಳಿಯ ತುಳಸಿ ಗೌಡ ಅವರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದದ್ದು ಗಿಡಮರ ಬೆಳೆಸಿದ್ದಕ್ಕೆ. ಒಂದೇ ತಾಲ್ಲೂಕು, ಒಂದೇ ಬಗೆಯ ಉಡುಗೆ, ಕೊರಳ ತುಂಬ ಮಣಿಸರ. ಈಗ ಇಬ್ಬರೂ ಇಲ್ಲ. ಅವರ ಫೋಟೊಕ್ಕೆ ಹಾರ ಹಾಕುವಾಗಲಾದರೂ ಒಬ್ಬರ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಹೇಳಬಾರದು.

ಕೊನೆಯದಾಗಿ ಮಾನಪತ್ರ. ಅಚ್ಚಿಗೆ ಕೊಡುವ ಮೊದಲು ಅದನ್ನು ಸನ್ಮಾನಿತರ ಮನೆಗೆ ಒಯ್ದು ಓದಿ ಹೇಳಿ. ಆವತ್ತಿನ ಮಾನಪತ್ರದಲ್ಲಿ ಮದ್ದಲೆಯ ಹಿರಿಯರ ಗುರುಗಳ ಹೆಸರೇ ತಪ್ಪಿತ್ತು. ವೇದಿಕೆಯಲ್ಲಿ ಎರಡು ಸಲ ಓದಿದರೂ ಅವರು ಅದನ್ನು ಯಾರಿಗೂ ಹೇಳಲಿಲ್ಲ. ಇಳಿದು ಬಂದ ಮೇಲೆ ಮೊಮ್ಮಗಳು ನನ್ನ ಹತ್ತಿರ ಹೇಳಿದಳು. ವಾರದ ನಂತರ ತಿದ್ದಿ ಅಚ್ಚು ಹಾಕಿಸಿಕೊಂಡು, ಸಮಿತಿಯವರು ಮೂವರು, ಜೊತೆಗೆ ನಾನು, ಅವರ ಮನೆಗೆ ಹೋದೆವು. ಜಗಲಿಯಲ್ಲಿ ಕೂರಿಸಿ ಮುರುಗಲ ಪಾನಕ ಕೊಟ್ಟರು. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದರು. ತಮ್ಮ ಹೆಸರಿದ್ದ ಮೇಲಿನ ಸಾಲು ಬಿಟ್ಟು, ಬೆರಳಿಟ್ಟು ಹುಡುಕಿ, ಗುರುಗಳ ಹೆಸರಿದ್ದ ಸಾಲನ್ನು ಮೊದಲು ಓದಿದರು.